ಹೊನ್ನಾಂಬೆ ಕೊಟ್ಟ ಮೂರು ಕೆಂಡ

ಬಹಳ ಹಿಂದೆ, ನಾಲ್ಕು ಗೋಡೆಯೊಳಗೆ ಯಾರೂ ಅಡುಗೆಯನ್ನೇ ಮಾಡದ ಒಂದು ರಾಜ್ಯವಿತ್ತು. ಅರಸನ ಮನೆಯಿಂದ ಹಿಡಿದು ಅಗಸನ ಮನೆಯವರೆಗೆ ಎಲ್ಲರ ಒಲೆಯೂ ಅಂಗಳದಲ್ಲಿ. ಒಲೆಯೆಂದರೆ ಮೂರು ಕಲ್ಲಿನ ಒಲೆಯಲ್ಲ, ಗುಡಾಣದೊಲೆ. ಸೊಂಟದೆತ್ತರದ ದಪ್ಪ ಮಣ್ಣಿನ ಗುಡಾಣ, ತಳದಲ್ಲಿ ಗಾಳಿಗೊಂದು ಕಿಂಡಿ, ಮೇಲೆ ತೂತಿರುವ ಭಾರದ ಮುಚ್ಚಳ. ಒಳಗಿನ ಇದ್ದಿಲು ಕೆಂಡವಾದ ಮೇಲೆ ಕೋಳಿಯನ್ನೋ ಕುಂಬಳಕಾಯಿಯನ್ನೋ ಇಟ್ಟು ಮುಚ್ಚಿದರೆ, ಅದು ತನ್ನ ಹಬೆಯಲ್ಲೇ ಹದವಾಗಿ ಬೇಯುತ್ತಿತ್ತು. ಕಿಂಡಿಯನ್ನು ಎಷ್ಟು ತೆರೆಯಬೇಕು, ಎಷ್ಟು ಮುಚ್ಚಬೇಕು ಎನ್ನುವುದರಲ್ಲೇ ವಿದ್ಯೆಯೆಲ್ಲ ಇತ್ತು.

ಆ ರಾಜ್ಯದ ಅರಸನಿಗೆ ಒಂದು ಅಭ್ಯಾಸ. ಸಂಜೆ ಅಂಗಳಗಳಲ್ಲಿ ಹೊಗೆ ಏಳುವ ಹೊತ್ತಿಗೆ ಹೇಳದೆ ಕೇಳದೆ ಯಾವುದಾದರೂ ಮನೆಗೆ ಬಂದು, ಮನೆಯವರ ಸಾಲಿನಲ್ಲೇ ಕೂತು ಉಂಡು ಹೋಗುತ್ತಿದ್ದ. ಎಲ್ಲ ಮನೆಯ ಹೆಂಗಸರಿಗೂ ಅವನು ತಮ್ಮ ಅಂಗಳಕ್ಕೆ ಬರಲಿ ಎಂಬ ಆಸೆ. ಎಲ್ಲರಿಗಿಂತ ಹೆಚ್ಚು ಆಸೆಯಿದ್ದದ್ದು ಹೊನ್ನಾಂಬೆಗೆ.

ಹೊನ್ನಾಂಬೆ ಒಂದು ತುಂಬಿದ ಮನೆಯ ಹಿರಿಸೊಸೆ. ಮದುವೆಯಾಗಿ ಬಂದಾಗಿನಿಂದ ಆ ಮನೆಯ ಗುಡಾಣ ಅವಳ ಕೈಯಲ್ಲೇ ಇತ್ತು. ಗಾಳಿ ಯಾವ ದಿಕ್ಕಿನಿಂದ ಬಂದರೆ ಕೆಂಡ ಹೇಗೆ ಉರಿಯುತ್ತದೆ ಎಂದು ಅವಳು ಕಣ್ಣುಮುಚ್ಚಿ ಹೇಳುತ್ತಿದ್ದಳು. ಆಮೇಲೆ ಮೈದುನನ ಮದುವೆಯಾಯಿತು, ಇರುವಂತಿ ಎಂಬ ಹುಡುಗಿ ಕಿರಿಸೊಸೆಯಾಗಿ ಬಂದಳು. ಬಂದವಳು ಅಕ್ಕ ಅಕ್ಕ ಎನ್ನುತ್ತ ಗುಡಾಣದ ಸುತ್ತಲೇ ಸುಳಿಯುತ್ತ ಕೆಲಸ ಕಲಿತಳು. ಒಂದು ಸಂಜೆ ಹೊನ್ನಾಂಬೆಗೆ ಮೈ ಬೆಚ್ಚಗಾಗಿ ಮಲಗಿದ್ದಾಗ, ಇರುವಂತಿ ಎಣ್ಣೆಗಾಯಿ ಬದನೆಯನ್ನೂ ಮಸಾಲೆ ಸವರಿದ ಕೋಳಿಯನ್ನೂ ಗುಡಾಣಕ್ಕಿಟ್ಟಳು. ಗ್ರಹಚಾರ ನೋಡಿ, ಅರಸ ಬಂದದ್ದು ಅವತ್ತೇ.

ಅರಸ ಉಂಡ, ಬೆರಳು ಚೀಪಿದ. ಇದು ಯಾರ ಕೈರುಚಿ ಎಂದು ಕೇಳಿದ. ಅತ್ತೆ ಮುಂದೆ ತಳ್ಳಿದ್ದು ಇರುವಂತಿಯನ್ನು. ಕಂಬಳಿ ಹೊದ್ದು ಬಾಗಿಲ ಮರೆಯಲ್ಲಿ ನಿಂತಿದ್ದ ಹೊನ್ನಾಂಬೆಗೆ ಬಂದ ಜ್ವರ ಬಿಟ್ಟೇ ಹೋಯಿತು, ಅದಕ್ಕಿಂತ ದೊಡ್ಡ ಉರಿ ಹೊಟ್ಟೆಯಲ್ಲಿ ಹೊತ್ತಿಕೊಂಡಿತು. ಇಷ್ಟು ವರ್ಷ ಹೊಗೆ ಕುಡಿದು ಕಣ್ಣು ಕೆಂಪು ಮಾಡಿಕೊಂಡವಳು ನಾನು, ಹೊಗಳಿಸಿಕೊಳ್ಳುವವಳು ನಿನ್ನೆ ಮೊನ್ನೆ ಬಂದ ಇವಳೇ ಎಂದು ಅವಳು ಹಲ್ಲು ಕಡಿದಳು. ಮಾರನೆಯ ಬೆಳಿಗ್ಗೆ ಸೌದೆಯ ನೆಪ ಹೇಳಿ ಕರಿಗುಡ್ಡದ ದಾರಿ ಹಿಡಿದಳು.

ಕರಿಗುಡ್ಡದಲ್ಲಿ ಮಸಿಯಪ್ಪನೆಂಬ ಮಾಂತ್ರಿಕನಿದ್ದ. ಅವನ ಅಂಗಳದಲ್ಲಿ ಆಳೆತ್ತರದ ದೊಡ್ಡ ಗುಡಾಣವೊಂದು ತಣ್ಣಗೆ ಕೂತಿತ್ತು. ಬಾಗಿಲಲ್ಲಿ ಬೂದಿಬಣ್ಣದ ಕತ್ತೆಕಿರುಬವೊಂದು ಕಾವಲಿತ್ತು. ಅದಕ್ಕೆ ಮಾತು ಬರುತ್ತಿತ್ತು. ಏನು ತಂದೆ ಎಂದು ಅದು ಕೇಳಿತು. ಏನೂ ಇಲ್ಲ, ಕೇಳಲು ಬಂದಿದ್ದೇನೆ ಎಂದಳು ಹೊನ್ನಾಂಬೆ.

ಇರುವಂತಿಯ ಕೈರುಚಿ ತನ್ನ ಕೈಗೆ ಬರಬೇಕು ಎಂದು ಅವಳು ಮಾಂತ್ರಿಕನನ್ನು ಕೇಳಿದಳು. ಮಸಿಯಪ್ಪ ನಕ್ಕ. ಆಗಲಿ, ನಿಮ್ಮ ಗುಡಾಣದಿಂದ ಒಂದೇ ಒಂದು ಕೆಂಡ ತಂದುಕೊಡು ಎಂದ. ಮಣ್ಣಿನ ಕುಡಿಕೆಯಲ್ಲಿ ಬೂದಿ ಮುಚ್ಚಿ ಅವಳು ಕೆಂಡ ತಂದಳು. ಕಿರುಬ ಅದನ್ನು ಬಾಯಲ್ಲಿ ಕಚ್ಚಿ ದೊಡ್ಡ ಗುಡಾಣದ ಕಿಂಡಿಯೊಳಗೆ ಹಾಕಿತು.

ಅಂದು ಸಂಜೆ ಹೊನ್ನಾಂಬೆ ಬೇಯಿಸಿದ ಗೆಣಸನ್ನು ಮನೆಮಂದಿ ಮುಗಿಬಿದ್ದು ತಿಂದರು. ಇರುವಂತಿ ಮಾಡಿದ್ದು ಒಂದು ಕಡೆ ಸೀದು ಇನ್ನೊಂದು ಕಡೆ ಹಸಿಯಾಗಿತ್ತು. ಆದರೆ ಆ ಹುಡುಗಿ ಅಳುವುದು ಬಿಟ್ಟು, ಸೀದ ತುಂಡನ್ನು ಎತ್ತಿ ತೋರಿಸಿ ತಾನೇ ನಕ್ಕಳು. ಅವಳ ಜೊತೆ ಎಲ್ಲರೂ ನಕ್ಕರು. ಮಾವ ಆ ಸೀದದ್ದನ್ನೇ ಕೇಳಿ ಹಾಕಿಸಿಕೊಂಡು, ನಾಳೆ ಸರಿಹೋಗುತ್ತೆ ಬಿಡು ಮಗಾ ಎಂದರು. ಚೆನ್ನಾಗಿ ಬೆಂದ ಗೆಣಸನ್ನು ಬಡಿಸುತ್ತಿದ್ದ ಹೊನ್ನಾಂಬೆಯನ್ನು ಯಾರೂ ಮಗಾ ಎನ್ನಲಿಲ್ಲ. ಕೈರುಚಿ ಬಂದರೂ ಹೊಟ್ಟೆಯ ಉರಿ ಮಾತ್ರ ಹಾಗೇ ಇತ್ತು.

ಮತ್ತೆ ಗುಡ್ಡ ಹತ್ತಿದಳು. ಕಿರುಬ, ಏನು ತಂದೆ ಎಂದಿತು. ಎರಡನೆಯ ಕೆಂಡ ಎಂದಳು. ಅವಳ ನಗು ಹೋಗಬೇಕು ಎಂದು ಮಸಿಯಪ್ಪನನ್ನು ಕೇಳಿದಳು. ನಗು ಹೋಯಿತು. ಇರುವಂತಿ ಮೂಲೆಯಲ್ಲಿ ಮೊಣಕಾಲಿಗೆ ಗದ್ದ ಊರಿ ಕೂತಳು. ಈಗ ಮನೆಯವರಿಗೆಲ್ಲ ಅವಳದೇ ಯೋಚನೆ. ಅತ್ತೆ ದೃಷ್ಟಿ ತೆಗೆದರು, ಮೈದುನ ಸಂತೆಯಿಂದ ಬಳೆ ತಂದ, ಹೊನ್ನಾಂಬೆಯ ಸ್ವಂತ ಗಂಡನೇ ಆ ಹುಡುಗಿಗೆ ಏನಾಯ್ತು ನೋಡೇ ಎಂದ. ನಗುವವಳ ಮೇಲೆ ಹೊಟ್ಟೆಕಿಚ್ಚು ಪಡುವುದನ್ನು ಕೇಳಿದ್ದೇವೆ. ಅಳುವವಳ ಮೇಲೂ ಪಟ್ಟವಳು ನಮ್ಮ ಹೊನ್ನಾಂಬೆ.

ಮೂರನೆಯ ಕೆಂಡ ಹಿಡಿದು ಗುಡ್ಡ ಹತ್ತಿದಾಗ ಕಿರುಬ ಏನನ್ನೂ ಕೇಳಲಿಲ್ಲ, ಸುಮ್ಮನೆ ದಾರಿ ಬಿಟ್ಟಿತು. "ಅವಳು ಇರಲೇಬಾರದು, ಇದ್ದಳು ಅನ್ನೋದೂ ಯಾರ ನೆನಪಲ್ಲೂ ಉಳಿಯಬಾರದು" ಎಂದಳು ಹೊನ್ನಾಂಬೆ. ಮಸಿಯಪ್ಪ ಮೂರನೆಯ ಕೆಂಡವನ್ನು ತನ್ನ ಕೈಯಾರೆ ಗುಡಾಣಕ್ಕೆ ಹಾಕಿ ಮುಚ್ಚಳ ಮುಚ್ಚಿದ. ಎಷ್ಟೋ ಕಾಲದಿಂದ ತಣ್ಣಗಿದ್ದ ಆ ಗುಡಾಣ ಬಿಸಿಯಾಯಿತು.

ಹೊನ್ನಾಂಬೆ ಮನೆಗೆ ಬಂದಾಗ ಇರುವಂತಿ ಇರಲಿಲ್ಲ. ಅವಳ ಸೀರೆಯೂ ಇಲ್ಲ, ಬಳೆಯೂ ಇಲ್ಲ. ಯಾರನ್ನು ಕೇಳಿದರೂ ಯಾವ ಇರುವಂತಿ ಎನ್ನುತ್ತಿದ್ದರು. ನೆನಪಿದ್ದದ್ದು ಹೊನ್ನಾಂಬೆಗೆ ಒಬ್ಬಳಿಗೇ. ಅಷ್ಟು ಹೊಟ್ಟೆಕಿಚ್ಚು ಪಟ್ಟವಳು ಮರೆಯುವುದಾದರೂ ಹೇಗೆ?

ಆ ಸಂಜೆ ಅವಳು ಮೈಯೆಲ್ಲ ಹಿಗ್ಗಾಗಿ ಅಡುಗೆಗೆ ಕೂತಳು. ಕುರಿಯ ತೊಡೆಗೆ ಮಸಾಲೆ ತಿಕ್ಕಿ ಗುಡಾಣದಲ್ಲಿಟ್ಟಳು. ಅರ್ಧ ಬೆಂದಿದ್ದಾಗ ಪಡುವಣದ ಗಾಳಿ ಎದ್ದಿತು. ಹೊನ್ನಾಂಬೆ ಕಿಂಡಿಯನ್ನು ಒಂದು ಬೆರಳಷ್ಟು ಮುಚ್ಚಿದಳು, ಮೇಲಿನ ತೂತನ್ನು ಕೂದಲೆಳೆಯಷ್ಟು ತೆರೆದಳು. ಬೇರೆ ಯಾರೇ ಆಗಿದ್ದರೂ ಮಾಂಸ ಕರಕಲಾಗುತ್ತಿತ್ತು. ಮಾಡಿ ಮುಗಿಸಿದವಳು ಪಕ್ಕಕ್ಕೆ ತಿರುಗಿದಳು.

ಪಕ್ಕದಲ್ಲಿ ಯಾರೂ ಇರಲಿಲ್ಲ. ಆ ಜಾಗದಲ್ಲಿ ಯಾವಾಗಲೂ ಕುಕ್ಕರುಗಾಲಲ್ಲಿ ಕೂತು, ಈಗ ಯಾಕಕ್ಕ ಕಿಂಡಿ ಮುಚ್ಚಿದ್ರಿ, ಅಷ್ಟೇ ಯಾಕೆ ಮುಚ್ಚಿದ್ರಿ ಎಂದು ಕೇಳುತ್ತಿದ್ದವಳು ಇರುವಂತಿ. ಮನೆಯವರು ಕೂತು ಉಂಡರು. ಅತ್ತೆ ಚೆನ್ನಾಗಿದೆ ಎಂದು ಎಮ್ಮೆಯ ಮಾತಿಗೆ ಹೋದರು. ಮೈದುನ ತನ್ನ ಪಕ್ಕದ ಖಾಲಿ ಜಾಗವನ್ನು ಮತ್ತೆ ಮತ್ತೆ ನೋಡುತ್ತಿದ್ದ, ಏನನ್ನು ಹುಡುಕುತ್ತಿದ್ದೇನೆಂದು ಅವನಿಗೇ ತಿಳಿಯಲಿಲ್ಲ. ಹೊಗಳುವವರು ಮನೆತುಂಬ ಇದ್ದರು, ಗಾಳಿಯನ್ನು ಹೇಗೆ ಗೆದ್ದಳೆಂದು ಬಲ್ಲವರು ಒಬ್ಬರೂ ಇರಲಿಲ್ಲ. ಹೊನ್ನಾಂಬೆ ತುತ್ತನ್ನು ಎಲೆಯಲ್ಲೇ ಬಿಟ್ಟಳು. ಎದ್ದು ಹಿತ್ತಲಿಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತಳು.

ಬೆಳಕು ಹರಿಯುವ ಮುಂಚೆ ಬರಿಗೈಯಲ್ಲಿ ಗುಡ್ಡ ಹತ್ತಿದಳು. ಕಿರುಬ ಅಡ್ಡ ಬಂದಿತು. ಕೊಟ್ಟದ್ದನ್ನು ವಾಪಸು ತೆಗೆದುಕೊಳ್ಳಲು ಬಂದಿದ್ದೇನೆ, ಬೇಕಾದರೆ ನನ್ನನ್ನು ತಿನ್ನು ಎಂದಳು ಹೊನ್ನಾಂಬೆ. ಕಿರುಬ ತಿನ್ನಲಿಲ್ಲ, ತನ್ನ ಕತೆ ಹೇಳಿತು.

"ನಾನು ಮಸಿಯಪ್ಪನ ಒಡಹುಟ್ಟಿದ ತಮ್ಮ. ನಾನು ಮಾಡಿದ್ದು ಅವನು ಮಾಡಿದ್ದಕ್ಕಿಂತ ರುಚಿಯಾಗಿತ್ತು. ಅಷ್ಟೇ ನನ್ನ ತಪ್ಪು."

ಹೊನ್ನಾಂಬೆ ತಲೆ ತಗ್ಗಿಸಿದಳು. ಆಮೇಲೆ ಕಿರುಬ ಇನ್ನಷ್ಟು ಹೇಳಿತು. ನಿನ್ನ ಓರಗಿತ್ತಿ ಆ ಮೂರು ಕೆಂಡಗಳಲ್ಲಿದ್ದಾಳೆ, ಕೆಂಡ ಬೂದಿಯಾದರೆ ಮುಗಿಯಿತು. ಮುಚ್ಚಳವಾದರೋ ಮಸಿಯಪ್ಪನ ಕೈಗಲ್ಲದೆ ಬೇರೆ ಯಾರ ಕೈಗೂ ಏಳುವುದಿಲ್ಲ ಎಂದಿತು.

ಹೊನ್ನಾಂಬೆ ಗುಡಾಣವನ್ನು ಸುತ್ತು ಹಾಕಿ ನೋಡಿದಳು. ಕಾಲಲ್ಲೇ ಮೆಲ್ಲಗೆ ತಳದ ಕಿಂಡಿ ಮುಚ್ಚಿದಳು. ಮೇಲಿನ ತೂತಿಗೆ ಒಂದು ಮುದ್ದೆ ಹಸಿಮಣ್ಣು ಮೆತ್ತಿದಳು. ಉಸಿರು ಕಟ್ಟಿದ ಕೆಂಡ ಕೂಡಲೇ ಸಾಯುವುದಿಲ್ಲ, ಗಾಳಿಗಾಗಿ ಹಸಿದು ಕಾಯುತ್ತದೆ. ಆಗ ಮುಚ್ಚಳವನ್ನು ಒಮ್ಮೆಲೇ ತೆಗೆದರೆ ಬೆಂಕಿ ಮುಖಕ್ಕೇ ನುಗ್ಗುತ್ತದೆ. ಆ ರಾಜ್ಯದ ಚಿಕ್ಕ ಮಕ್ಕಳೂ ಮೊದಲು ಬೆರಳಗಲ ಎತ್ತಿ, ಒಳಗಿನ ಕೆಂಡಕ್ಕೆ ಉಸಿರಾಡಲು ಬಿಟ್ಟು, ಆಮೇಲೆ ಮುಚ್ಚಳ ತೆಗೆಯುತ್ತಿದ್ದರು. ಯಾರಿಗೂ ಒಂದು ಹೊತ್ತು ಬೇಯಿಸಿ ಹಾಕದೆ ಗುಡಾಣವನ್ನು ತಣ್ಣಗಿಟ್ಟುಕೊಂಡಿದ್ದ ಮಸಿಯಪ್ಪನಿಗೆ ಆ ರೂಢಿ ಎಂದೋ ಮರೆತುಹೋಗಿತ್ತು.

ಮಸಿಯಪ್ಪ ಹೊರಬಂದು, ಇನ್ನೇನು ಬೇಕು ನಿನಗೆ ಎಂದ. ಗುಡಾಣದಲ್ಲಿ ಅಡುಗೆ ಇಟ್ಟಿದ್ದೀರಲ್ಲ, ಅದಕ್ಕೇ ನೋಡಲು ಬಂದೆ ಎಂದಳು. ಮೂರು ಲೋಕದಲ್ಲಿ ಇಂಥ ಅಡುಗೆ ಇಲ್ಲ ಎಂದು ಅವನು ಎದೆಯುಬ್ಬಿಸಿದ.

ಹೊಟ್ಟೆಕಿಚ್ಚನ್ನು ಎಲ್ಲಿ ಊದಿದರೆ ಎಷ್ಟು ಉರಿಯುತ್ತದೆ ಎಂದು ಹೊನ್ನಾಂಬೆಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೆ ಊದಬೇಕಾದರೆ ಒಂದು ಮಾತು ಬಾಯಿಂದ ಬರಬೇಕಿತ್ತು. ಅರಸನಿಗೂ ಅತ್ತೆಗೂ ಗಂಡನಿಗೂ ಆಡದ ಮಾತು ಅದು.

"ನನ್ನ ಓರಗಿತ್ತಿ ಇರುವಂತಿ ಮಾಡಿದ್ದರ ಮುಂದೆ ನಿಮ್ಮದು ಯಾವ ಲೆಕ್ಕ?" ಎಂದಳು. "ನಿಮ್ಮದಿರಲಿ, ನನ್ನದೂ ಲೆಕ್ಕಕ್ಕಿಲ್ಲ. ಅವಳ ಕೈರುಚಿ ನನಗಿಂತ ಮೇಲು. ಅವತ್ತು ಅರಸರು ಬೆರಳು ಚೀಪಿದ್ದು ಸರಿಯಾಗೇ ಇತ್ತು."

ಆಡಿದ ಮೇಲೆ ತಿಳಿಯಿತು, ಅದು ನಿಜವಾಗಿತ್ತು. ಮಸಿಯಪ್ಪನ ಮುಖ ಕಪ್ಪಿಟ್ಟಿತು. ಕೆಂಡದಲ್ಲಿ ಬೇಯುತ್ತಿರುವ ಹುಡುಗಿಯನ್ನು ನನ್ನೆದುರೇ ಹೊಗಳುತ್ತೀಯಾ, ನೋಡು ಹಾಗಾದರೆ ಎಂದು ಎರಡೂ ಕೈಯಲ್ಲಿ ಮುಚ್ಚಳವನ್ನು ಎತ್ತಿ ಎಸೆದ.

ಬೆಂಕಿ ಭುಗ್ಗೆಂದು ಮೇಲೆದ್ದಿತು. ಮಸಿಯಪ್ಪ ನಿಂತಲ್ಲೇ ಒಂದು ಹಿಡಿ ಬೂದಿಯಾದ, ಗಾಳಿ ಅದನ್ನೂ ಉಳಿಸಲಿಲ್ಲ. ಗುಡಾಣದಿಂದ ಮೂರು ಕೆಂಡಗಳು ಹಾರಿ ಹುಲ್ಲಿನ ಮೇಲೆ ಬಿದ್ದವು. ಒಂದಕ್ಕೊಂದು ತಾಗಿದವು, ಇರುವಂತಿ ಸೀರೆಯ ಬೂದಿ ಕೊಡವುತ್ತ ಎದ್ದು ನಿಂತಳು. ಕತ್ತೆಕಿರುಬ ಇದ್ದ ಕಡೆ ನರೆಗೂದಲಿನ ಒಬ್ಬ ಮನುಷ್ಯ ತನ್ನ ಎರಡು ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ.

ಹೊನ್ನಾಂಬೆ ಇಳಿಯುವ ದಾರಿಯಲ್ಲಿ ಒಂದನ್ನೂ ಬಚ್ಚಿಡದೆ ಹೇಳಿದಳು. ಮೂರು ಕೆಂಡ ಕೊಟ್ಟದ್ದು, ಮೂರು ಸಲ ಕೇಳಿದ್ದು, ಎಲ್ಲ. ಊರಿನ ಹೊಗೆ ಕಾಣುವಷ್ಟರಲ್ಲಿ ಇರುವಂತಿ ಒಂದು ಕಡೆ ನಿಂತಳು.

"ಅಕ್ಕ, ನನಗೆ ಕಿಂಡಿಯ ಲೆಕ್ಕ ಇನ್ನೂ ಪೂರ್ತಿ ಬಂದಿಲ್ಲ" ಎಂದಳು. "ಅದನ್ನ ಹೇಳಿಕೊಡೋವರೆಗೂ ನಿಮ್ಮನ್ನ ಬಿಡಲ್ಲ. ಸಿಟ್ಟು ಆಮೇಲೆ ಮಾಡ್ಕೋತೀನಿ."

ಮನೆಯವರಿಗೆ ಮರೆತದ್ದೆಲ್ಲ ನೆನಪಾಯಿತು. ಮೈದುನ ಅಂಗಳದಲ್ಲೇ ಕೂತು ಅತ್ತ. ಆ ಸಂಜೆ ಇರುವಂತಿ ಕೋಳಿ ಇಟ್ಟಳು, ಹೊನ್ನಾಂಬೆ ಕಿಂಡಿ ನೋಡಿಕೊಂಡಳು. ನರೆಗೂದಲಿನ ಅತಿಥಿಯೂ ಸಾಲಿನಲ್ಲಿ ಕೂತ. ಎಲ್ಲರೂ ಇರುವಂತಿಯನ್ನೇ ಹೊಗಳಿದರು. ಹೊನ್ನಾಂಬೆಯ ಹೊಟ್ಟೆಯಲ್ಲಿ ಚೂರು ಚುರುಕ್ಕೆಂದಿತು, ಸುಳ್ಳೇಕೆ ಹೇಳಲಿ. ಇರುವಂತಿ ಈ ಮನೆಗೆ ಬಂದ ಮೇಲೆ ಹೊನ್ನಾಂಬೆ ಅವಳು ಮಾಡಿದ್ದನ್ನು ಒಂದು ಸಲಕ್ಕಿಂತ ಹೆಚ್ಚು ಬಡಿಸಿಕೊಂಡವಳೇ ಅಲ್ಲ. ಹಸಿವಿದ್ದರೂ ಸಾಕು ಎಂದು ಎಲೆ ಮಡಚುತ್ತಿದ್ದಳು. ಈಗ ಎಲ್ಲರೂ ನೋಡುತ್ತಿರುವಂತೆ ಖಾಲಿ ಎಲೆಯನ್ನು ಮುಂದೆ ಸರಿಸಿದಳು.

"ಇನ್ನೊಂದು ತುಂಡು ಹಾಕಮ್ಮ" ಎಂದಳು.

ಇರುವಂತಿ ದೊಡ್ಡ ತುಂಡನ್ನೇ ಹಾಕಿದಳು. ಅಂದಿನಿಂದ ಆ ಅಂಗಳದಲ್ಲಿ ಎಲ್ಲರೂ ಹೊಟ್ಟೆ ತುಂಬ ಉಂಡು ಸುಖವಾಗಿ ಬಾಳಿದರು, ಹೊನ್ನಾಂಬೆ ಎಲ್ಲರಿಗಿಂತ ಒಂದು ತುತ್ತು ಹೆಚ್ಚೇ ಉಂಡಳು.