ಗರಿ ತೊಳೆದ ಮಧ್ಯಾಹ್ನ

ಚೀಲದ ಬಾಯಿ ಬಿಚ್ಚಿದ್ದೇ ತಡ, ಸ್ಟುಡಿಯೋ ತುಂಬ ಸತ್ತ ಮೀನಿನ ನಾತ.

"ಛೀ," ಎಂದು ಫೋಟೋಗ್ರಾಫರ್ ಮೂಗಿಗೆ ಕರ್ಚೀಫ್ ಒತ್ತಿದ. ಕರ್ಚೀಫಿನ ಮೇಲಿಂದ ಅವನ ಎರಡು ಕಣ್ಣು ನನ್ನನ್ನೇ ನೋಡುತ್ತಿದ್ದವು. ಮೂರು ತಿಂಗಳಿಂದ ಆ ಕಣ್ಣು ನನ್ನ ಕಡೆ ತಿರುಗಲಿ ಎಂದು ಕಾದಿದ್ದೆ. ತಿರುಗಿದ್ದು ಹೀಗೆ.

ತಪ್ಪು ನನ್ನದೇ. ನನ್ನಜ್ಜಿ ಕಾಡಂಚಿನಲ್ಲಿ ಗರಿಯ ನಿಲುವಂಗಿ ತೊಟ್ಟು, ಡೋಲು ಬಡಿದು, ಕಾಯಿಲೆಯವರ ಮೈಯಿಂದ ಕೇಡನ್ನು ಹೊರಗೆ ಕರೆಯುತ್ತಿದ್ದವಳು. ಈ ಫೋಟೋ ಶೂಟಿನ ಸ್ಟೈಲಿಂಗ್ ನನ್ನದು; ಆ ನಿಲುವಂಗಿಯ ಮಾದರಿಯಲ್ಲೇ ಹೊಸದೊಂದು ಹೊಲಿಸಿದ್ದೆ, ಗರಿ ಹಚ್ಚುವುದೊಂದೇ ಬಾಕಿ. "ಹಕ್ಕಿ ಮೈಯಿಂದ ಕೀಳ್ಬೇಡ, ಬಿದ್ದಿದ್ದನ್ನ ಆರಿಸ್ಕೋ, ಬಿಸಿಲಿಗೆ ಒಣಗಿಸು," ಅಂದಿದ್ದಳು ಅಜ್ಜಿ. ಕೆರೆದಂಡೆಯಲ್ಲಿ ಆರಿಸಿದ್ದೇನೋ ನಿಜ. ಒದ್ದೆಯಾಗಿಯೇ ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಮೂರು ದಿನ ಮರೆತಿದ್ದೆ. ಈಗ ಗರಿಗಳ ನಡುವೆ ಬಿಳಿ ಹುಳುಗಳು ಮಿಜಿಮಿಜಿ ಎನ್ನುತ್ತಿದ್ದವು.

ಮಾಡೆಲ್ ಬಾಯಿ ಮುಚ್ಚಿಕೊಂಡು ಬಾತ್‌ರೂಮಿಗೆ ಓಡಿದಳು.

ಬಟ್ಟೆ ಕಂಪನಿಯ ಮೇಡಂ ಗೋಡೆಗೆ ನೇತುಹಾಕಿದ್ದ ಅಜ್ಜಿಯ ನಿಲುವಂಗಿಯತ್ತ ಬೊಟ್ಟು ಮಾಡಿದರು. "ಮಾದರಿಗೆ ಅಂತ ತಂದಿದ್ದೀಯಲ್ಲ, ಅದನ್ನೇ ಹಾಕ್ಸು. ಮೊಣಕಾಲು ಕಾಣೋ ಹಾಗೆ ಕತ್ತರಿಸಿಬಿಡು."

"ಅದು ಅಜ್ಜೀದು, ಮೇಡಂ."

"ಅಜ್ಜಿ ಏನು ರ‍್ಯಾಂಪ್ ಮೇಲೆ ನಡೀತಾರಾ? ಆಗಲ್ಲ ಅಂದ್ರೆ ಹೇಳು, ಬೇರೆ ಸ್ಟೈಲಿಸ್ಟ್‌ನ ಕರೀತೀನಿ."

ನನ್ನ ಕೈ ಕತ್ತರಿ ಎತ್ತಿಕೊಂಡಿತು. ಹುಳುಗಳಿಗಿಂತ ಆ ಕೈ ಕಂಡೇ ನನಗೆ ಹೆಚ್ಚು ಹೇಸಿಗೆಯಾಯಿತು.

"ಕತ್ತರಿ ಕೆಳಗಿಡಿ," ಎಂದ ಫೋಟೋಗ್ರಾಫರ್. ಮೇಡಂ ಕಡೆ ತಿರುಗಿ, "ಸಂಜೆ ಬೆಳಕಲ್ಲಿ ತೆಗೀತೀನಿ. ಅಷ್ಟರಲ್ಲಿ ಈ ಗರಿ ತೊಳೀತೀವಿ. ಅಜ್ಜೀದಕ್ಕೆ ಕತ್ತರಿ ಬಿದ್ರೆ ನನ್ನ ಕ್ಯಾಮೆರಾ ಬ್ಯಾಗಿಂದ ಹೊರಗೆ ಬರಲ್ಲ," ಎಂದ.

ಹೋಟೆಲಿನ ಚಮಚವನ್ನು ಮೂರು ಸಲ ಒರೆಸುವ ಮನುಷ್ಯ ಅವನು. ಅಂಥವನು ಅಂಗಿಯ ತೋಳು ಮಡಚಿ, ಸ್ಟುಡಿಯೋ ಹಿಂದಿನ ಸಿಂಕಿನ ಸೋಪುನೀರಿಗೆ ಕೈ ಇಳಿಸಿದ. ಮೊದಲ ಗರಿಗೇ ಓಕರಿಸಿದ.

"ಬಿಡಿ, ನಿಮಗಾಗಲ್ಲ."

"ಆಗಲ್ಲ. ಆದ್ರೂ ತೊಳೀತೀನಿ."

"ಯಾಕೆ?"

"ಮಾತಾಡಿಸ್ಬೇಡಿ. ಬಾಯಿ ತೆರೆದ್ರೆ ವಾಂತಿ."

ತೊಳೆದ ಗರಿಯನ್ನು ಹೇರ್ ಡ್ರೈಯರಿಗೆ ಹಿಡಿದೆ. ಬೂದು ಬಣ್ಣದೊಳಗಿಂದ ನೀಲಿ ಮಿಂಚಿತು.

"ಅಲ್ಲಾಡ್ಬೇಡಿ," ಎಂದ ಅವನು. ನನ್ನ ಕಿವಿಯ ಹಿಂದೆ ಏನೋ ಹರಿಯುತ್ತಿತ್ತು. ಹಲ್ಲು ಕಚ್ಚಿಕೊಂಡು, ಬರಿಗೈಯಲ್ಲೇ ಹುಳು ತೆಗೆದ. ಹುಳು ಹೋದ ಮೇಲೂ ಬೆರಳು ಅಲ್ಲೇ ಇತ್ತು.

"ನನ್ನ ನೋಡಿ ಛೀ ಅಂದ್ರಲ್ಲ."

"ಅಂದಿದ್ದು ಗರಿಗೆ. ನಿಮ್ಮನ್ನ ಮೂರು ತಿಂಗಳಿಂದ ಲೆನ್ಸ್ ಒಳಗಿಂದ ಕದ್ದು ನೋಡ್ತಿದ್ದೀನಿ. ಇವತ್ತು ಎಲ್ಲಿ ಅತ್ತುಬಿಡ್ತೀರೋ ಅಂತ ನೇರ ನೋಡ್ದೆ, ಅಷ್ಟೇ."

ಸಂಜೆ ಮಾಡೆಲ್ ಮೂಗಿಗೆ ಹತ್ತಿ ತುರುಕಿಕೊಂಡು, ತೊಳೆದ ಗರಿ ಹಚ್ಚಿದ ಹೊಸ ನಿಲುವಂಗಿಯಲ್ಲಿ ಹೊರಗೆ ಮರದ ಕೆಳಗೆ ನಿಂತಳು. ಮೇಡಂ "ಸೂಪರ್" ಎಂದರು, ದೂರದಿಂದಲೇ. ಅಜ್ಜಿಯದನ್ನು ನಾನು ಇಡಿಯಾಗಿ ಮಡಚಿ ಪೆಟ್ಟಿಗೆಯಲ್ಲಿಟ್ಟೆ.

"ಈ ನಾತ ಒಂದು ವಾರ ಹೋಗಲ್ಲ," ಎಂದೆ.

"ಒಳ್ಳೇದೇ. ಅಲ್ಲೀವರೆಗೆ ನಿಮ್ಮ ಪಕ್ಕ ನಾನೊಬ್ಬನೇ ಕೂರೋದು." ನಾರುವ ಕೈಯನ್ನು ನನ್ನ ಮುಂದೆ ಚಾಚಿದ.

"ಛೀ," ಎಂದೆ. ಹಿಡಿದುಕೊಂಡೆ.