ಬೇರೆ ಕಾರಣ ಇರಬಹುದು

“ಮೇಡಂ, ಮಂಗಳ ಗ್ರಹದಾಗ ಜೀವ ಇತ್ತಂತ್ರಿ! ಅಲ್ಲಿಂದ ಬಿದ್ದ ಕಲ್ಲಿನಾಗ ಗುರುತು ಸಿಕ್ಕಾವಂತ!”

೧೯೯೬ರ ಆಗಸ್ಟ್. ವಾಡಿಯ ಹೈಸ್ಕೂಲಿನ ಸ್ಟಾಫ್ ರೂಮಿಗೆ ಪೇಪರ್ ಹಿಡಿದು ಬಂದ ಕನ್ನಡ ಮಾಸ್ತರ ಪವಮಾನನ ಮುಖ ಅರಳಿತ್ತು. ವಿಜ್ಞಾನ ಕಲಿಸುವ ಮೈತ್ರಿ ನೆಲದ ಹಾಸುಗಲ್ಲು ತೋರಿಸಿದಳು. ಅದರಲ್ಲಿ ಎಲೆ ಬಿಡಿಸಿದಂಥ ಕಪ್ಪು ಗೆರೆಗಳಿದ್ದವು.

“ಇದು ಗಿಡ ಏನ್ರಿ ಸರ್? ಕಲ್ಲಿನ ಸಂದ್ಯಾಗ ನೀರು ಇಳಿದು ಮೂಡಿದ ಕಲೆ. ನಮ್ಮಪ್ಪ ಭಂಕೂರದ ಖಣಿಯಾಗ ಇಂಥಾ ಕಲ್ಲು ದಿನಾ ಒಡೀತಾನ. ಬ್ಯಾರೆ ಕಾರಣ ಒಂದೂ ಇಲ್ಲಂತ ಖಾತ್ರಿ ಆಗೋತನಕ ಜೀವ ಅನ್ನಬಾರದು.”

“ಭಾಳ ಕಠಿಣ ಬಿಡ್ರಿ ನೀವು,” ಎಂದು ಅವನು ನಕ್ಕ. ಆ ನಗು ಅವಳ ಎದೆಯಲ್ಲೇ ಉಳಿಯಿತು.

ಆಮೇಲೆ ಶುರುವಾಯಿತು ಮೈತ್ರಿಯ ಪಾಡು. ಅವಳ ಚಹಾಕ್ಕೆ ಸಕ್ಕರೆ ಬೇಡವೆಂದು ಅವನೇ ಹೇಳಿ ಮಾಡಿಸುತ್ತಿದ್ದ. ಸಂಜೆ ಸ್ಟೇಷನ್ನಿನಲ್ಲಿ ಅವಳ ಶಹಾಬಾದ್ ಗಾಡಿ ಹೊರಡುವವರೆಗೆ ತನ್ನ ಚಿತ್ತಾಪುರದ ಗಾಡಿ ಬಿಟ್ಟು ನಿಲ್ಲುತ್ತಿದ್ದ. ಸೌಜನ್ಯ ಇರಬೇಕು, ಎಂದುಕೊಂಡಳು. ಗುಡಿಯ ಆಚಾರ್ಯರ ಮಗ, ಬೌದ್ಧರ ಮನೆಯ ಮಗಳಿಗೆ ಇನ್ನೇನು ಕೊಟ್ಟಾನು? ಆಸೆ ಚಿಗುರಿದಾಗಲೆಲ್ಲ ಒಂದೊಂದು ಕಾರಣ ಹುಡುಕಿ ಚಿವುಟಿದಳು.

ಡಿಸೆಂಬರಿನ ಒಂದು ಸಂಜೆ ಪ್ಲಾಟ್‌ಫಾರ್ಮಿನಲ್ಲಿ ಅವನು ಅವಳ ಮುಖವನ್ನೇ ನೋಡಿದ. “ನಿಮ್ಮ ಕಣ್ಣಾಗ ಏನೋ ಕಾಣಾಕತ್ತದ ಮೇಡಂ. ನನಗೋಸ್ಕರ ಅಂತ ತಿಳ್ಕೊಳ್ಳೇನು?”

ಅವಳ ಜೀವ ಬಾಯಿಗೆ ಬಂತು. ತಮಾಷೆಯಾಗಿದ್ದರೆ ಎಂದು ಹೆದರಿದಳು. “ಫ್ಯಾಕ್ಟರಿ ಸಿಮೆಂಟಿನ ಧೂಳ ಬಿದ್ದಿರಬೇಕ್ರಿ ಸರ್,” ಎಂದು ನಕ್ಕಳು. ಅವನೂ ನಕ್ಕ, ಸ್ವಲ್ಪ ತಡವಾಗಿ.

ಯುಗಾದಿ ಮುಗಿದ ಮೇಲೆ ಅವನು ಲಗ್ನಪತ್ರಿಕೆ ತಂದ. ಸ್ಟಾಫ್ ರೂಮಿನಲ್ಲಿ ಇಬ್ಬರೇ ಇದ್ದರು. ಹುಡುಗಿಯ ಹೆಸರು ಪದ್ಮಜಾ ಎಂದಿತ್ತು. ಅದರಾಚೆ ಮೈತ್ರಿಗೆ ಅಕ್ಷರ ಕಾಣಲಿಲ್ಲ.

“ಇಷ್ಟು ಲಗೂನ ಏನ್ರಿ ಸರ್?”

“ಮನ್ಯಾಗ ಜಗಳಾಡಿ, ನಿಮ್ಮನ್ನ ಕೇಳಬೇಕಂತ ಬಂದಿದ್ದೆ ಆವತ್ತ. ನೀವು ಧೂಳ ಅಂದ್ರಿ. ಇಲ್ಲದ್ದನ್ನ ಅದ ಅಂತ ನಂಬಬಾರದಂತ ನೀವ ಕಲ್ಸಿದ್ರಿ.”

“ಇತ್ತು,” ಎಂದಳು ಮೈತ್ರಿ. ಇನ್ನು ಮುಚ್ಚಿಡುವುದೇನಿತ್ತು? “ನನಗ ನೀವು ಭಾಳ ಬೇಕಾಗಿದ್ರಿ.”

ಅವನ ಕಣ್ಣು ತುಂಬಿದವು. ಪತ್ರಿಕೆ ವಾಪಸ್ ತೆಗೆದುಕೊಳ್ಳಲು ಕೈ ಚಾಚಿದ. ಮೈತ್ರಿ ಕೊಡಲಿಲ್ಲ. ಅಲ್ಲೊಂದು ಮನೆಯಲ್ಲಿ ಆ ಹುಡುಗಿ ಮದುವೆ ಸೀರೆ ಆರಿಸುತ್ತಿರುತ್ತಾಳೆ ಎಂಬುದು ಅವಳಿಗೆ ಗೊತ್ತಿತ್ತು.

“ಅವರೇನು ತಪ್ಪು ಮಾಡ್ಯಾರ್ರಿ ಸರ್?” ಎಂದಳು. “ಒಂದ ಕೆಲಸ ಮಾಡ್ರಿ. ಅವರ ಮ್ಯಾಲ ಮನಸ್ಸಾದಾಗ ಬಾಯಿಬಿಟ್ಟು ಹೇಳ್ರಿ. ತಾವಾಗೇ ತಿಳ್ಕೋತಾರಂತ ಕುಂದ್ರಬ್ಯಾಡ್ರಿ.”

ಬೆಲ್ ಹೊಡೆಯಿತು. ಅವಳು ಪತ್ರಿಕೆಯನ್ನು ಪರ್ಸಿನಲ್ಲಿಟ್ಟುಕೊಂಡು ಒಂಬತ್ತನೇ ತರಗತಿಗೆ ಹೋದಳು.