ಅಜ್ಜಿಯ ಬುಟ್ಟಿಯಲ್ಲಿ ಕೂತವರು

"ಅಜ್ಜೀ, ಇದು ತಪ್ಪು ಬಸ್ಸು!"

"ಶ್! ಬೇಕಂತಲೇ ಹತ್ತಿದ್ದು. ಸುಮ್ನೆ ಕೂತ್ಕೋ."

ಬೋಗ್ನಾ ಕಿಟಕಿಯಿಂದ ಹೊರಗೆ ನೋಡಿದಳು. ಬೆಳಿಗ್ಗೆ ಆರು ಗಂಟೆ. ಸ್ಟಾಪಿನಲ್ಲಿ ಪಕ್ಕದ ಮನೆಯ ವಾಂದಾ ಆಂಟಿ ಖಾಲಿ ಬುಟ್ಟಿ ಹಿಡಿದುಕೊಂಡು, ಈ ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಬೋರ್ಡನ್ನು ಕಣ್ಣು ಕಿರಿದು ಮಾಡಿ ಓದುತ್ತಿದ್ದರು.

"ಓದ್ಲಿ ಓದ್ಲಿ. ನಾವು ಸರೋವರಕ್ಕೆ ಹೋಗ್ತಿದ್ದೀವಿ ಅಂದ್ಕೊಂಡು ಮುಂದಿನ ಬಸ್ಸಲ್ಲಿ ಅಲ್ಲಿಗೇ ಹೋಗ್ತಾಳೆ, ಪಾಪ," ಎಂದಳು ತೆಕ್ಲಾ ಅಜ್ಜಿ. 'ಪಾಪ' ಎನ್ನುವಾಗ ಅವಳ ಮುಖದ ತುಂಬಾ ಸಂತೋಷವಿತ್ತು.

ಎರಡು ಸ್ಟಾಪ್ ಆದ ಮೇಲೆ ಇಬ್ಬರೂ ಇಳಿದರು. ಆಲೂಗಡ್ಡೆ ಹೊಲದ ಬದುವಿನ ಮೇಲೆ ಬಂದ ದಿಕ್ಕಿಗೇ ವಾಪಸ್ ನಡೆದರು.

ಪೋಲೆಂಡಿನ ನಮ್ಮ ಈ ಊರಿನಲ್ಲಿ ಸೆಪ್ಟೆಂಬರ್ ಬಂತೆಂದರೆ ಒಳ್ಳೆಯವರೂ ಸುಳ್ಳು ಹೇಳುತ್ತಾರೆ. ವರ್ಷವಿಡೀ ಸಕ್ಕರೆ, ಸ್ಕ್ರೂಡ್ರೈವರ್, ಕೊನೆಗೆ ಕಾರನ್ನೂ ಎರವಲು ಕೊಡುವ ಜನ, ಅಣಬೆ ಸಿಗುವ ಜಾಗ ಮಾತ್ರ ಹೇಳುವುದಿಲ್ಲ. ಎಲ್ಲಿ ಸಿಕ್ಕಿತು ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಕಾಡಿನಲ್ಲಿ." ಚರ್ಚಿನ ಪಾದ್ರಿಯೂ ಅದನ್ನೇ ಹೇಳುತ್ತಾರೆ, ಅದೂ ಆಕಾಶ ನೋಡುತ್ತಾ.

"ನಿನ್ನಮ್ಮನಿಗೂ ಈ ಜಾಗ ಗೊತ್ತಿಲ್ಲ," ಎಂದಳು ಅಜ್ಜಿ.

"ಯಾಕೆ?"

"ಅವಳ ಬಾಯಲ್ಲಿ ಮಾತು ನಿಲ್ಲಲ್ಲ. ನಿನಗೆ ಹತ್ತು ವರ್ಷ ತುಂಬಿತು ಅಂತ ಕರ್ಕೊಂಡು ಹೋಗ್ತಿದ್ದೀನಿ. ಯಾರಿಗೂ ಹೇಳ್ಬಾರ್ದು."

"ಹೇಳಲ್ಲ."

"ನಾಯಿಗೂ?"

"ನಾಯಿಗೂ ಹೇಳಲ್ಲ ಅಜ್ಜಿ!"

ಉರುಳಿ ಬಿದ್ದ ಪೈನ್ ಮರದ ಆಚೆ ಬೊರೋವಿಕ್ ಅಣಬೆಗಳು ನಿಂತಿದ್ದವು. ದಪ್ಪ ಬಿಳಿ ಕಾಲು, ಆಗತಾನೆ ಬೇಯಿಸಿದ ಬನ್ನಿನಂಥ ಕಂದು ಟೋಪಿ. ಕ್ರಿಸ್‌ಮಸ್ ಹಿಂದಿನ ಸಂಜೆಯ ಸೂಪಿಗೆ ಇವೇ ಆಗಬೇಕು. ಅಜ್ಜಿ ಒಂದೊಂದನ್ನೂ ಪುಟ್ಟ ಚಾಕುವಿನಿಂದ ಕೊಯ್ದು, ಆ ಜಾಗವನ್ನು ಪಾಚಿಯಿಂದ ಮುಚ್ಚುತ್ತಾ ಹೋದಳು.

ಬೋಗ್ನಾ ಜೇಬಿನಿಂದ ಫೋನ್ ತೆಗೆದು 'ಬುಟ್ಟಿ' ಆ್ಯಪ್ ತೆರೆದಳು. ಅದನ್ನು ಮಾಡಿದ್ದು ಅವಳ ಅಣ್ಣ ಗುಸ್ತೆಕ್, ಹೈಸ್ಕೂಲಿನ ಪ್ರದರ್ಶನಕ್ಕಾಗಿ. ಒಂದು ಅಣಬೆ ಸಿಕ್ಕರೆ ಒಂದು ಸಲ ಒತ್ತಬೇಕು. ಹತ್ತಾದರೆ ಪರದೆಯ ಮೇಲೆ ಕಪ್ಪೆ ಕುಣಿಯುತ್ತದೆ. ಹಾಕಿಕೊಳ್ಳುವಾಗ ಆ್ಯಪ್ ಏನೇನೋ ಕೇಳಿತ್ತು. "ಎಲ್ಲದಕ್ಕೂ ಸರಿ ಅಂತ ಒತ್ತು. ಪ್ರಪಂಚದಲ್ಲಿ ಎಲ್ಲರೂ ಹಾಗೇ ಮಾಡೋದು," ಎಂದಿದ್ದ ಗುಸ್ತೆಕ್. ಬೋಗ್ನಾ ಒತ್ತಿದ್ದಳು.

ಆ ದಿನ ನಲವತ್ತಮೂರು ಸಿಕ್ಕವು. ಕಪ್ಪೆ ನಾಲ್ಕು ಸಲ ಕುಣಿಯಿತು.

ಮುಂದಿನ ಶನಿವಾರ ಮತ್ತೆ ಅದೇ ತಪ್ಪು ಬಸ್ಸು. ಆದರೆ ಸ್ಟಾಪಿನಲ್ಲಿ ವಾಂದಾ ಆಂಟಿ ಇರಲಿಲ್ಲ.

"ಏನೋ ಸರಿಯಿಲ್ಲ ಕಣೇ," ಎಂದಳು ಅಜ್ಜಿ.

ಕಾಡಿನ ಅಂಚಿಗೆ ಬಂದಾಗ ಹದಿನೇಳು ಕಾರು ನಿಂತಿದ್ದವು. ಒಬ್ಬ ವ್ಯಾನಿನಲ್ಲಿ ಬಿಸಿ ಸಾಸೇಜ್ ಮಾರುತ್ತಿದ್ದ. ಬಿದ್ದ ಪೈನ್ ಮರದ ಸುತ್ತ ಸಂತೆಯಷ್ಟು ಜನ.

ಕೆಂಪು ಜಾಕೆಟ್ಟಿನ ಗಂಡಸೊಬ್ಬ ತುಂಬಿದ ಬಕೆಟನ್ನು ಬೆನ್ನ ಹಿಂದೆ ಅಡಗಿಸಿಕೊಂಡು ತಲೆಯಾಡಿಸಿದ. "ಇಲ್ಲೇನೂ ಇಲ್ಲಮ್ಮ. ಈ ವರ್ಷ ಅಣಬೇನೇ ಆಗಿಲ್ಲ." ಅವನ ಪಕ್ಕದವನೂ ಹೌದೆಂದ. ಅವನ ಬಕೆಟೂ ತುಂಬಿತ್ತು. ಮೊಣಕೈಗೆ ಮೊಣಕೈ ತಾಗಿಸಿಕೊಂಡು ನಿಂತು, ಎಲ್ಲರೂ ಒಬ್ಬರಿಗೊಬ್ಬರು ಇಲ್ಲಿ ಏನೂ ಇಲ್ಲವೆಂದು ಹೇಳುತ್ತಿದ್ದರು.

"ಅರೆ ತೆಕ್ಲಾ!" ವಾಂದಾ ಆಂಟಿ ಮರದ ಹಿಂದಿನಿಂದ ಬಂದರು. "ನಾನು ಸುಮ್ನೆ ವಾಕಿಂಗ್ ಬಂದೆ ಕಣೇ."

"ಬುಟ್ಟಿ ತಗೊಂಡು ವಾಕಿಂಗಾ?"

ವಾಂದಾ ಆಂಟಿಗೆ ಗೆದ್ದ ಖುಷಿ, ಗುಟ್ಟು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ತಮ್ಮ ಫೋನನ್ನು ಚಾಚಿದರು. ಅದರಲ್ಲಿ ರಜಾದಿನದ ಸುತ್ತಾಟಕ್ಕೆ ಜಾಗ ಹೇಳುವ ಯಾವುದೋ ಆ್ಯಪ್ ಇತ್ತು. 'ನಿಮ್ಮ ಹತ್ತಿರ ಹೊಸ ಅಣಬೆ ಜಾಗ! ಕಳೆದ ಶನಿವಾರ ಇಲ್ಲಿ ಒಬ್ಬರಿಗೆ 43 ಸಿಕ್ಕಿವೆ!'

ನಲವತ್ತಮೂರು. ಕಪ್ಪೆ ನಾಲ್ಕು ಸಲ ಕುಣಿದದ್ದು ಬೋಗ್ನಾಳಿಗೆ ನೆನಪಾಯಿತು.

ಅಜ್ಜಿ ಬಗ್ಗಿ ನೋಡಿದಳು. ಪಾಚಿಯನ್ನು ಚಾಪೆಯ ಹಾಗೆ ಕಿತ್ತು ಎಸೆದಿದ್ದರು. ಇನ್ನೂ ಬೆರಳಿನಷ್ಟೂ ಬೆಳೆಯದ ಮರಿ ಅಣಬೆಗಳು ಬೂಟಿನ ಕೆಳಗೆ ಸಿಕ್ಕು ಮಣ್ಣಾಗಿದ್ದವು. ಒಂದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು, ಅಜ್ಜಿ ತಿರುಗಿ ನಡೆದಳು.

ಮನೆಗೆ ಹೋಗಲು ಸರಿಯಾದ ಬಸ್ಸನ್ನೇ ಹತ್ತಿದರು. ಅಜ್ಜಿ ಬೋಗ್ನಾಳ ಕೈ ಹಿಡಿದುಕೊಳ್ಳಲಿಲ್ಲ.

"ಅಜ್ಜಿ, ನಾನು ಯಾರಿಗೂ ಹೇಳಿಲ್ಲ."

"ಹ್ಞೂಂ."

"ನಾಯಿಗೂ ಹೇಳಿಲ್ಲ."

"ಎಷ್ಟು ಅಂತ ಗೊತ್ತಿದ್ದದ್ದು ನಮ್ಮಿಬ್ಬರಿಗೇ ಅಲ್ವಾ?"

ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮನೆಯಲ್ಲಿ ಗುಸ್ತೆಕ್ ಜ್ಯಾಮ್ ಹಚ್ಚಿದ ಬ್ರೆಡ್ ತಿನ್ನುತ್ತಿದ್ದ.

"ಅಣ್ಣಾ, ನಿನ್ನ ಆ್ಯಪ್ ನಮ್ಮ ಅಣಬೆ ಲೆಕ್ಕಾನ ಊರಿಗೆಲ್ಲ ಹೇಳಿದೆ!"

"ಹುಚ್ಚಿ! ನನ್ನ ಆ್ಯಪಿಗೆ ಎಣಿಸೋದು, ಕಪ್ಪೆ ಕುಣಿಸೋದು, ಇವೆರಡೇ ಗೊತ್ತಿರೋದು. ನೋಡು." ಅವನು ಫೋನ್ ಕಸಿದುಕೊಂಡು ಒತ್ತಿದ. ಪರದೆಯ ಮೇಲೆ ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ತನ್ನ ಫೋನಿನಲ್ಲಿ ಒತ್ತಿದ. ಅಲ್ಲೂ ಚಕ್ರ. ಕಪ್ಪೆಯ ಸುಳಿವೇ ಇಲ್ಲ.

ಗುಸ್ತೆಕ್ ಲ್ಯಾಪ್‌ಟಾಪ್ ತೆರೆದು ಹುಡುಕಾಡಿದ. "ಓ, ಇದಾ! ಆ ಕಂಪನಿ ಕಂಪ್ಯೂಟರ್ ಇವತ್ತು ಕೆಟ್ಟು ನಿಂತಿದೆಯಂತೆ. ಅದಕ್ಕೇ ತೆರೀತಿಲ್ಲ."

"ಯಾವ ಕಂಪನಿ?" ಎಂದಳು ಅಜ್ಜಿ.

"ಯಾವುದೋ ಒಂದು. ಎಲ್ಲೋ ದೂರದಲ್ಲಿದೆ."

"ಅದಕ್ಕೆ ಜ್ವರ ಬಂದ್ರೆ ನಿನ್ನ ಕಪ್ಪೆ ಯಾಕೋ ಮಲಗುತ್ತೆ?"

ಗುಸ್ತೆಕ್ ತಲೆ ಕೆರೆದುಕೊಂಡ. "ಅದು... ನನ್ನ ಆ್ಯಪನ್ನ ಎಷ್ಟು ಜನ ಬಳಸ್ತಾರೆ ಅಂತ ಗೊತ್ತಾಗ್ಬೇಕಿತ್ತು. ಆ ಕಂಪನಿ ಕೋಡ್ ಪುಕ್ಕಟೆ ಕೊಡುತ್ತೆ. ತಂದು ಅಂಟಿಸಿದೆ. ನಾನು ಬರೆದಿದ್ದಲ್ಲ ಅದು."

"ಅದು ಏನೇನು ಮಾಡುತ್ತೆ ಅಂತ ಓದಿದ್ಯಾ?"

"ಮೂವತ್ತೆಂಟು ಪುಟ ಇದೆ ಅಜ್ಜಿ! ಯಾರು ಓದ್ತಾರೆ?"

"ಈಗ ಓದು."

ಓದಬೇಕಾಯಿತು. ಮೂವತ್ತೊಂದನೇ ಪುಟದಲ್ಲಿ ಗುಸ್ತೆಕ್‌ನ ದನಿ ಸಣ್ಣದಾಯಿತು. ಫೋನು ಯಾವ ಹೊತ್ತಿನಲ್ಲಿ ಎಲ್ಲಿದೆ, ಅದರಲ್ಲಿ ಏನೇನು ಒತ್ತಲಾಯಿತು, ಎಲ್ಲವನ್ನೂ ಆ ಕಂಪನಿ ತೆಗೆದುಕೊಂಡು ತನ್ನ 'ನಂಬಿಕಸ್ತ ಸ್ನೇಹಿತರಿಗೆ' ಕೊಡುತ್ತದಂತೆ.

"ಎಷ್ಟು ಜನ ಸ್ನೇಹಿತರು?"

"ನಾನೂರ ಹನ್ನೆರಡು ಕಂಪನಿಗಳು."

"ಇಷ್ಟು ವಯಸ್ಸಾಯ್ತು, ನಂಬೋಕೆ ನನಗೆ ನಾಲ್ಕು ಜನ ಸಿಕ್ಕಿಲ್ಲ," ಎಂದಳು ಅಜ್ಜಿ. "ಅದ್ಸರಿ, ನಿನ್ನ ಆ್ಯಪ್ ಎಷ್ಟು ಜನ ಬಳಸ್ತಾರೆ?"

"ಆರು."

"ಆರು ಜನರನ್ನ ಎಣಿಸೋಕೆ, ಗುರುತು ಪರಿಚಯ ಇಲ್ಲದ ನಾನೂರ ಹನ್ನೆರಡು ಜನರನ್ನ ನನ್ನ ಬುಟ್ಟಿಯಲ್ಲಿ ಕೂರಿಸಿ ಕಾಡಿಗೆ ಕಳಿಸಿದ್ಯಾ!"

ಗುಸ್ತೆಕ್‌ನ ಕಿವಿ ಕೆಂಪಾದವು. ತಪ್ಪೆಲ್ಲಾ ಅಣ್ಣನ ತಲೆಗೆ ಬಂತು, ಬೋಗ್ನಾ ಸುಮ್ಮನಿದ್ದಿದ್ದರೆ ಪಾರಾಗುತ್ತಿದ್ದಳು. ಆದರೆ ಅಂಗೈ ಮೇಲಿನ ಆ ಮರಿ ಅಣಬೆ ಅವಳಿಗೆ ಮತ್ತೆ ಮತ್ತೆ ಕಾಣುತ್ತಿತ್ತು.

"ಅಜ್ಜಿ, ಎಲ್ಲಿದ್ದೀಯ ಅಂತ ನೋಡ್ಲಾ ಅಂತ ಅದು ನನ್ನ ಕೇಳಿತ್ತು. ಸರಿ ಅಂತ ಒತ್ತಿದ್ದು ನಾನೇ."

ಅಜ್ಜಿ ಕನ್ನಡಕ ಹಾಕಿಕೊಂಡು ಫೋನನ್ನು ಕೈಗೆತ್ತಿಕೊಂಡಳು.

"ಗುಸ್ತೆಕ್, ಇದು ನಾವು ಎಲ್ಲಿಗೆ ಹೋದ್ವಿ ಅಂತ ಹೇಳುತ್ತೋ, ಇಲ್ಲಾ ಫೋನು ಎಲ್ಲಿಗೆ ಹೋಯ್ತು ಅಂತ ಹೇಳುತ್ತೋ?"

"ಫೋನು ಎಲ್ಲಿಗೆ ಹೋಯ್ತು ಅಂತ."

ಅಜ್ಜಿಯ ಮುಖದಲ್ಲಿ ಬಸ್ಸಿನಲ್ಲಿದ್ದ ಅದೇ ಸಂತೋಷ ಮೂಡಿತು. "ಹಾಗಾದ್ರೆ ಇದನ್ನೂ ಒಂದು ತಪ್ಪು ಬಸ್ಸು ಹತ್ತಿಸೋಣ."

ಎರಡು ದಿನದಲ್ಲಿ ಆ ಕಂಪನಿಯ ಕಂಪ್ಯೂಟರ್ ಎದ್ದು ಕೂತಿತು. ಶುಕ್ರವಾರ ಸ್ಕೂಲು ಬಿಟ್ಟ ಮೇಲೆ ಗುಸ್ತೆಕ್ ಬೋಗ್ನಾಳ ಫೋನ್ ಜೇಬಿಗೆ ಹಾಕಿಕೊಂಡು ಸೈಕಲ್ ಹತ್ತಿದ. ಊರಾಚೆ ಪುರಸಭೆ ಕಸ ಸುರಿಯುವ ಗುಂಡಿಯ ಹಿಂದೆ ನಿಂತು, ಮೂಗು ಮುಚ್ಚಿಕೊಂಡು ಇನ್ನೂರು ಸಲ ಒತ್ತಿದ. ಕಪ್ಪೆ ಇಪ್ಪತ್ತು ಸಲ ಕುಣಿಯಿತು. ಮನೆಗೆ ಬಂದವನೇ ಆ ಕೋಡನ್ನು ಕಿತ್ತು ಹಾಕಿದ. ತನ್ನ ಆ್ಯಪನ್ನು ಎಷ್ಟು ಜನ ಬಳಸುತ್ತಾರೋ ಈಗ ಅವನಿಗೂ ಗೊತ್ತಿಲ್ಲ.

ಶನಿವಾರ ಅಜ್ಜಿ ಬಿದ್ದ ಪೈನ್ ಮರದ ಹತ್ತಿರ ನಿಲ್ಲಲಿಲ್ಲ. ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಹಳ್ಳ ದಾಟಿ, ಮುಳ್ಳಿನ ಪೊದೆಗಳ ನಡುವೆ ಇನ್ನೂ ಅರ್ಧ ಗಂಟೆ ನಡೆದರು. ಆಮೇಲೆ ಮೂರು ಬಿಳಿ ಬರ್ಚ್ ಮರಗಳು ಬಂದವು. ಅವುಗಳ ಬುಡದಲ್ಲಿ ಬೋಗ್ನಾ ಎಂದೂ ನೋಡಿರದಷ್ಟು ಬೊರೋವಿಕ್.

"ನನ್ನಮ್ಮ ನನಗೆ ತೋರಿಸಿದ್ದು ಈ ಜಾಗ," ಎಂದಳು ಅಜ್ಜಿ.

"ಮತ್ತೆ ಆ ಪೈನ್ ಮರದ ಜಾಗ?"

"ಅದು ನಾನೇ ಹುಡುಕಿದ್ದು. ಮೊದಲನೇ ಸಲಕ್ಕೇ ಯಾರಾದ್ರೂ ಒಳ್ಳೇ ಜಾಗ ತೋರಿಸ್ತಾರಾ?"

ಬೋಗ್ನಾಳಿಗೆ ನಗು ಬಂತು, ಅರ್ಧಕ್ಕೇ ನಿಂತಿತು. "ಈಗ ಯಾಕೆ ತೋರಿಸ್ತಿದ್ದೀಯ? ಅದನ್ನ ಹಾಳು ಮಾಡಿದ್ದು ನಾನಲ್ವಾ?"

"ಹೌದು, ನೀನೇ." ಅಜ್ಜಿ ಚಾಕು ಬಿಡಿಸಿ ಅವಳ ಕೈಗೆ ಕೊಟ್ಟಳು. "ಆದ್ರೆ ಈ ಊರಲ್ಲಿ ಸೆಪ್ಟೆಂಬರ್ ತಿಂಗಳಲ್ಲಿ ಒಬ್ಬರು ನಿಜ ಹೇಳಿದ್ದನ್ನ ನಾನು ನೋಡಿದ್ದು ಇದೇ ಮೊದಲು."

ಮೊದಲನೇ ಅಣಬೆ ಕೊಯ್ದಾಗ ಬೋಗ್ನಾಳ ಕೈ ತಾನಾಗಿ ಜೇಬಿಗೆ ಹೋಯಿತು. ಜೇಬು ಖಾಲಿ. ಫೋನನ್ನು ಅವಳೇ ಅಡುಗೆಮನೆಯ ಮೇಜಿನ ಮೇಲೆ ಬಿಟ್ಟು ಬಂದಿದ್ದಳು. ಕೈ ಹೊರಗೆ ತೆಗೆದು, ಪಾಚಿ ಎಳೆದು ಆ ಜಾಗವನ್ನು ಮುಚ್ಚಿದಳು. ಸರಿಯಾಗಿ ಮುಚ್ಚಿದೆಯೇ ಎಂದು ಇನ್ನೊಮ್ಮೆ ನೋಡಿದಳು. 'ಯಾರಿಗೂ ಹೇಳ್ಬೇಡ' ಎಂದು ಅಜ್ಜಿ ಈ ಸಲ ಹೇಳಲಿಲ್ಲ.

ವಾಪಸ್ ಬರುವ ಬಸ್ಸಿಗೆ ಕಸದ ಗುಂಡಿಯ ಹತ್ತಿರದ ಸ್ಟಾಪಿನಲ್ಲಿ ವಾಂದಾ ಆಂಟಿ ಹತ್ತಿದರು. ಬುಟ್ಟಿ ಖಾಲಿ, ಬೂಟಿನ ತುಂಬಾ ಕೆಸರು. ಅವರು ಕೂತ ಕೂಡಲೇ ಸುತ್ತಲಿನವರು ಕಿಟಕಿ ತೆರೆದರು.

"ಸುಮ್ನೆ ವಾಕಿಂಗ್ ಹೋಗಿದ್ದೆ," ಎಂದರು ಆಂಟಿ, ಯಾರೂ ಕೇಳದಿದ್ದರೂ. ಆಮೇಲೆ ಬೋಗ್ನಾಳ ಕಡೆ ಬಗ್ಗಿದರು. "ನೀವೆಲ್ಲಿಗೆ ಹೋಗಿದ್ರಿ, ಪುಟ್ಟಿ?"

ಬೋಗ್ನಾಳ ನಾಲಿಗೆ ತುದಿಯಲ್ಲಿ ಹಳ್ಳವಿತ್ತು, ಮೂರು ಬರ್ಚ್ ಮರಗಳಿದ್ದವು. ಅವಳು ಅಜ್ಜಿಯ ಕಡೆ ನೋಡಿದಳು. ಅಜ್ಜಿ ಏನೂ ಕೇಳಿಸದವಳಂತೆ ಕಿಟಕಿಯಾಚೆ ನೋಡುತ್ತಿದ್ದಳು.

"ಕಾಡಿಗೆ, ಆಂಟಿ," ಎಂದಳು ಬೋಗ್ನಾ. ಉಗುರಿನ ಸಂದಿಯ ಹಸಿ ಪಾಚಿ ಯಾರಿಗೂ ಕಾಣದ ಹಾಗೆ, ಮೆಲ್ಲಗೆ ಕೈಯನ್ನು ಖಾಲಿ ಜೇಬಿನೊಳಗೆ ಇಟ್ಟುಕೊಂಡಳು.